ಕೋಳಿಗೂ ನೆಮ್ಮದಿ ಇರಲಿ



ನಮ್ಮ ಜಗತ್‌ನ ಅಂಗಳಗಳಿಂದ ಕಮಲಾಪುರದ ಹಳ್ಳಿಗಳವರೆಗೆ ಜವಾರಿ ಕೋಳಿ ಸಾಕುವ ಮನೆಗಳಿವೆ. ಕೊಯ್ಯುವಾಗ ‘ಬಿಸ್ಮಿಲ್ಲಾಹ್’ ಹೇಳಲು ನೀವು ಮರೆಯುವುದಿಲ್ಲ. ಆದರೆ ಚೂರಿ ಹರಿತವಾಗಿರಬೇಕು, ಪ್ರಾಣಿಗೆ ನೆಮ್ಮದಿ ಸಿಗಬೇಕು ಎಂಬುದೂ ಪ್ರವಾದಿ(ಸ)ಯವರ ಆದೇಶವೇ. ಸಹೀಹ್ ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ.

ಇದನ್ನು ಪಾಲಿಸುವುದು ಹೇಗೆ? ಕೋಳಿಯನ್ನು ಅಟ್ಟಾಡಿಸಿ ಹಿಡಿಯಬೇಡಿ. ಕತ್ತಲಲ್ಲಿ ಅದು ಶಾಂತವಾಗಿರುತ್ತದೆ. ಹಿಂದಿನ ರಾತ್ರಿಯೇ ಹಿಡಿದು ಬೇರೆ ಇಡಿ. ಕಾಳು ಬೇಡ, ನೀರು ಇರಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬಿಸಿಲೇರುವ ಮುನ್ನ ಕೆಲಸ ಮುಗಿಸಿ. ಕಾಲು ಹಿಡಿದು ತಲೆಕೆಳಗೆ ತೂಗಾಡಿಸದೆ, ರೆಕ್ಕೆಗಳನ್ನು ಮೈಗೆ ಒತ್ತಿ ಎರಡೂ ಕೈಗಳಲ್ಲಿ ಎತ್ತಿಕೊಳ್ಳಿ. ಅದರ ಕಣ್ಣೆದುರು ಚೂರಿ ಮಸೆಯಬೇಡಿ. ಬೇರೆ ಕೋಳಿಗಳೆದುರು ಕೊಯ್ಯಬೇಡಿ. 2001ರ ಕಸಾಯಿಖಾನೆ ನಿಯಮಗಳೂ ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದೆನ್ನುತ್ತವೆ.

ಒಬ್ಬರು ಹಿಡಿಯಲಿ, ಕೈ ಪಳಗಿದವರು ಕೊಯ್ಯಲಿ. ಶ್ವಾಸನಾಳ, ಅನ್ನನಾಳ, ಕತ್ತಿನ ಎರಡೂ ಬದಿಯ ರಕ್ತನಾಳಗಳು ತಡವಿಲ್ಲದೆ ಕತ್ತರಿಸಬೇಕು. ಕೊಯ್ದ ಮೇಲೆ ಎಸೆಯದೆ, ಚಲನೆ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಜೀವವಿರುವಾಗಲೇ ಬಿಸಿನೀರಿಗೆ ಅದ್ದುವುದು ಕ್ರೌರ್ಯ.

ಮನೆಯಂಗಳದಲ್ಲಿ ಮಕ್ಕಳು ನಿಂತು ನೋಡುತ್ತಿರುತ್ತಾರೆ. ದಯೆಯನ್ನಾಗಲಿ, ನಿರ್ದಯೆಯನ್ನಾಗಲಿ ಅವರು ಕಲಿಯುವುದು ನಮ್ಮ ಕೈಯಿಂದಲೇ.