ಮೈಸೂರಿಗೆ ಬಂದಿದ್ದ ಮೇಸ್

1937ರ ಜನವರಿ. ವೈಎಂಸಿಎ ಸಂಸ್ಥೆಯ ವಿಶ್ವ ಸಮ್ಮೇಳನಕ್ಕೆಂದು ಅಮೆರಿಕದಿಂದ ಮೈಸೂರಿಗೆ ಬಂದವರಲ್ಲಿ ಕಪ್ಪು ಜನಾಂಗದ ವಿದ್ವಾಂಸ ಬೆಂಜಮಿನ್ ಮೇಸ್ ಕೂಡ ಇದ್ದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಓದುತ್ತಿದ್ದ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಭಾಷಣಕ್ಕೆ ಕರೆದೊಯ್ದರು. ಇವರೂ ಅಸ್ಪೃಶ್ಯರೇ, ಆದರೂ ಇಷ್ಟು ಎತ್ತರಕ್ಕೆ ಏರಿದ್ದಾರೆ ಎಂದು ಮಕ್ಕಳಿಗೆ ಪರಿಚಯಿಸಿದರು.

ಮೇಸ್‌ಗೆ ಸಿಟ್ಟು ಬಂತು. ಷಿಕಾಗೊ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು, ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿದ್ದವರು ಅವರು. ಆದರೆ ಆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ತಮ್ಮ ದೇಶದಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ತಮ್ಮ ಪಾಡೂ ಅದೇ ಎಂದು ಹೊಳೆಯಿತು. ಇದನ್ನು ಅವರು ಮುಂದೆ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು.

ದಕ್ಷಿಣ ಕೆರೊಲಿನಾದಲ್ಲಿ ಹತ್ತಿ ಬೆಳೆಯುತ್ತಿದ್ದ ಕುಟುಂಬ ಅವರದು. ತಂದೆತಾಯಿ ಇಬ್ಬರೂ ಗುಲಾಮರಾಗಿ ಹುಟ್ಟಿದವರು. 1898ರಲ್ಲಿ ಬಂದೂಕು ಹಿಡಿದ ಬಿಳಿಯರ ಗುಂಪು ತಂದೆಯನ್ನು ತಡೆದು, ಟೋಪಿ ತೆಗೆಸಿ, ಮತ್ತೆ ಮತ್ತೆ ತಲೆಬಾಗಿಸಿದ್ದು ಅವರ ಮೊಟ್ಟಮೊದಲ ನೆನಪು. ಬಾಲ್ಯದಲ್ಲಿ ಶಾಲೆ ಸಿಗುತ್ತಿದ್ದುದು ವರ್ಷಕ್ಕೆ ನಾಲ್ಕೇ ತಿಂಗಳು. ಹೈಸ್ಕೂಲು ಮುಗಿಸುವ ಹೊತ್ತಿಗೆ ಇಪ್ಪತ್ತು ದಾಟಿತ್ತು.

1940ರಲ್ಲಿ ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಮುಂದೆ 27 ವರ್ಷ ಅದೇ ಹೊಣೆ. ಮಂಗಳವಾರದ ಪ್ರಾರ್ಥನಾ ಸಭೆಗಳಲ್ಲಿ ಅವರು ಹುಡುಗರೊಡನೆ ಮಾತನಾಡುತ್ತಿದ್ದರು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಆಸನವಿಡುವ ಚಿತ್ರಮಂದಿರಕ್ಕೆ ಕಾಲಿಡಬೇಡಿ ಎನ್ನುತ್ತಿದ್ದರು. 1944ರಲ್ಲಿ, 15ನೆಯ ವಯಸ್ಸಿಗೇ ಕಾಲೇಜು ಸೇರಿದ ಹುಡುಗನೊಬ್ಬ ಅವರ ಮಾತು ಕೇಳಿ, ಚರ್ಚೆಗೆಂದು ಅವರ ಕಚೇರಿಯವರೆಗೂ ಹಿಂಬಾಲಿಸುತ್ತಿದ್ದ. ಅವನೇ ಮಾರ್ಟಿನ್ ಲೂಥರ್ ಕಿಂಗ್.

1956ರಲ್ಲಿ, ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಮಾಂಟ್ಗೊಮರಿ ಬಸ್ ಬಹಿಷ್ಕಾರ ನಡೆಯುತ್ತಿದ್ದಾಗ, ಅದರ ಮುಂದಾಳು ಕಿಂಗ್ ಮೇಲೆ ಮೊಕದ್ದಮೆ ಬಿತ್ತು. ಮಗನ ಜೀವಕ್ಕೆ ಹೆದರಿದ ತಂದೆ ಅಟ್ಲಾಂಟಾದ ಹಿರಿಯರನ್ನು ಸೇರಿಸಿ, ಮಾಂಟ್ಗೊಮರಿಗೆ ಹಿಂದಿರುಗಬೇಡವೆಂದು ಬುದ್ಧಿ ಹೇಳಿಸಲು ನೋಡಿದರು. ಹೋಗಲೇಬೇಕು ಎಂದರು ಕಿಂಗ್. ಆ ಹಿರಿಯರ ನಡುವೆ ಎದ್ದು ಕಿಂಗ್ ಪರ ನಿಂತವರು ಮೇಸ್. ತಂದೆಯ ಸಂಕಟವೂ ಗೊತ್ತು, ಶಿಷ್ಯನ ನಿರ್ಧಾರದ ಬೆಲೆಯೂ ಗೊತ್ತು. ಗುರುವಾದವನಿಗೆ ಇದಕ್ಕಿಂತ ಕಠಿಣ ಗಳಿಗೆ ಇನ್ನಾವುದಿದ್ದೀತು?

ಮೇಸ್ ಮತ್ತು ಕಿಂಗ್ ಇಬ್ಬರಲ್ಲಿ ಯಾರು ಮೊದಲು ತೀರಿಕೊಂಡರೂ ಉಳಿದವರು ಶ್ರದ್ಧಾಂಜಲಿಯ ಮಾತಾಡಬೇಕೆಂದು ಅವರಲ್ಲಿ ಒಪ್ಪಂದವಿತ್ತು. 1968ರ ಏಪ್ರಿಲ್ 9ರಂದು, 34 ವರ್ಷ ಹಿರಿಯರಾದ ಮೇಸ್ ಮೋರ್‌ಹೌಸ್ ಅಂಗಳದಲ್ಲಿ ಆ ಮಾತು ನಡೆಸಿಕೊಟ್ಟರು.

ಅಷ್ಟರಲ್ಲಿ ಅವರಿಗೆ ನಿವೃತ್ತಿಯಾಗಿತ್ತು. ಆದರೂ ಅಟ್ಲಾಂಟಾ ಶಿಕ್ಷಣ ಮಂಡಳಿಯ ಚುನಾವಣೆಗೆ ನಿಂತು ಗೆದ್ದರು. 1970ರಲ್ಲಿ ಅದರ ಮೊದಲ ಕಪ್ಪು ಅಧ್ಯಕ್ಷರಾಗಿ, 1981ರವರೆಗೂ ದುಡಿದರು. 1973ರಲ್ಲಿ ಅವರ ಮಂಡಳಿಯೇ ನಗರದ ಶಾಲೆಗಳಿಗೆ ಮೊದಲ ಬಾರಿಗೆ ಕಪ್ಪು ಸೂಪರಿಂಟೆಂಡೆಂಟ್ ಒಬ್ಬರನ್ನು ನೇಮಿಸಿತು.