ಖಾಲಿ ಗೂಡಿಗೆ ಸಾಕ್ಷಿ ಯಾರು?

ಸ್ವಿಫ್ಟ್ ಅಂದ ತಕ್ಷಣ ನಮಗೆ ನೆನಪಾಗೋದು ಕಾರು. ಇವತ್ತು ನಾನು ಹೇಳ್ತಿರೋದು ಅದೇ ಹೆಸರಿನ ಹಕ್ಕಿಯ ಕಥೆ. ಗೂಡು ಬಿಟ್ಟರೆ 10 ತಿಂಗಳು ನೆಲಕ್ಕಿಳಿಯದೆ ಹಾರಬಲ್ಲ ಹಕ್ಕಿ ಇದು. ಚಳಿಗಾಲ ಆಫ್ರಿಕಾದಲ್ಲಿ. ಮೇ ತಿಂಗಳ ಹೊತ್ತಿಗೆ ಬ್ರಿಟನ್ನಿಗೆ ವಾಪಸ್. ಅದೇ ಊರು, ಅದೇ ಮನೆ, ಸೂರಿನ ಕೆಳಗಿನ ಅದೇ ಸಂದು!

ಸಮಸ್ಯೆ ಇರೋದೇ ಇಲ್ಲಿ. ಮೊಟ್ಟೆ, ಮರಿ ಇರುವ ಗೂಡನ್ನು ಬೇಕಂತಲೇ ಕೆಡವಿದರೆ 1981ರ ಕಾಯ್ದೆ ಪ್ರಕಾರ ಅಪರಾಧ. ಆದ್ರೆ ಹಕ್ಕಿ ಆಫ್ರಿಕಾದಲ್ಲಿದ್ದಾಗ ಅದೇ ಸಂದಿಗೆ ಸಿಮೆಂಟ್ ಮೆತ್ತಿದರೆ? ಕಾನೂನು ಸುಮ್ಮನಿರುತ್ತೆ. 1995ರಿಂದೀಚೆಗೆ ಅಲ್ಲಿನ ಸ್ವಿಫ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಣ್ಮರೆಯಾಗಿವೆ. 2021ರಲ್ಲಿ ಈ ಹಕ್ಕಿ ಬ್ರಿಟನ್ನಿನ ಕೆಂಪು ಪಟ್ಟಿ ಸೇರಿತು.

ಅದಕ್ಕೇ ಬೇಸಿಗೆಯ ಸಂಜೆ ಅಲ್ಲಿನ ಬೀದಿಗಳಲ್ಲಿ ಒಂದಷ್ಟು ಸಾಮಾನ್ಯ ಜನ ಕತ್ತೆತ್ತಿ ನಿಂತಿರ್ತಾರೆ. ಹಕ್ಕಿ ಯಾವ ಮನೆಯ ಯಾವ ಸಂದಿಗೆ ನುಗ್ಗಿತು ಅಂತ ಬರೆದುಕೊಳ್ತಾರೆ. ಸಂಬಳ ಇಲ್ಲ, ಸನ್ಮಾನ ಇಲ್ಲ. ಮುಂದೆ ಆ ಮನೆ ರಿಪೇರಿಗೆ ಬಂದಾಗ, ಸಾರುವೆ ಕಟ್ಟೋ ಮೊದಲೇ ಹೋಗಿ ಕೇಳ್ತಾರೆ: "ಈ ಸಂದೊಂದು ಬಿಡಿ. ಆಗಲ್ಲ ಅಂದ್ರೆ ಹಕ್ಕಿಗೆ ಅಂತ ಒಂದು ಟೊಳ್ಳು ಇಟ್ಟಿಗೆ ಇಡಿ."

ಖಾಲಿ ಗೂಡಿನ ಪರ ಮಾತಾಡೋದು ಆ ನೋಟ್‌ಬುಕ್ ಮಾತ್ರ. ಯಜಮಾನ ಊರಲ್ಲಿಲ್ಲ ಅಂತ ಅವನ ಮನೆ ಬಾಗಿಲು ಮುಚ್ಚಿ ಗೋಡೆ ಕಟ್ಟೋದು ನ್ಯಾಯಾನಾ? ನೀವೇ ಹೇಳಿ.