ಬಾಗಿಲಾಚೆ ಕರೆದು ಹೇಳಬೇಕಾದ ಮಾತು

(ನಿಧಿಸಂಗ್ರಹದ ಸಂಜೆ ಮಾಡಿದ ಭಾಷಣದ ಬರಹರೂಪ)



ಷಾರ್ಲೆಟ್‌ನಿಂದ ವಾಷಿಂಗ್ಟನ್ನಿಗೆ ಏಳು ಗಂಟೆ ಕಾರು ಓಡಿಸಿಕೊಂಡು ಬಂದಿದ್ದೇನೆ. ಅದರಲ್ಲಿ ಒಂದು ಗಂಟೆ ರಿಚ್ಮಂಡ್ ಟ್ರಾಫಿಕ್ಕಿಗೆ ಅರ್ಪಣೆಯಾಯಿತು. ಊಟಕ್ಕೆ ಮುಂಚೆ ಮಾತಾಡುವವನಿಗೆ ಎಷ್ಟು ಹೊತ್ತು ಕೊಡಬೇಕೆಂಬುದು ನನಗೂ ಗೊತ್ತು. ಬಿಸಿಬೇಳೆಬಾತಿನ ವಾಸನೆ ವೇದಿಕೆಗೂ ಬರುತ್ತಿದೆ.

ಶಿಕ್ಷಕರು ತಮ್ಮ ಸಹೋದ್ಯೋಗಿಗಳ ಜೊತೆ ಹೇಗಿರಬೇಕು ಎಂಬ ಬಗ್ಗೆ ಮಾತಾಡಿ ಎಂದಿದ್ದಾರೆ. ನಾನು ಸಾಫ್ಟ್‌ವೇರ್ ಇಂಜಿನಿಯರ್. ಮೇಷ್ಟರಾಗಿದ್ದದ್ದು ಬರೀ ಭಾನುವಾರಗಳಲ್ಲಿ, ಸಂಬಳವಿಲ್ಲದೆ. ಆ ಭಾನುವಾರಗಳಲ್ಲಿ ಮಾಡಿದ ಒಂದು ತಪ್ಪಿನಿಂದಲೇ ಶುರುಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಆಗ ನಾವಿದ್ದ ಊರಿನ ಕನ್ನಡ ಶಾಲೆಯಲ್ಲಿ ನಾನೂ ಧಾರವಾಡದ ಕಡೆಯ ಒಬ್ಬ ಮಹಿಳೆಯೂ ಒಂದೇ ತರಗತಿಗೆ ಪಾಠ ಹೇಳುತ್ತಿದ್ದೆವು. ಹಾಡು, ಕತೆ, ಮಾತು ಅವರದು, ವ್ಯಾಕರಣ ನನ್ನದು. ಹದಿನಾಲ್ಕು ಮಕ್ಕಳು. ಒಂದು ದಿನ ಅವರು ಮಕ್ಕಳಿಗೆ "ಏನ್ ಮಾಡಾಕತ್ತೀರಿ?" ಎಂದು ಹೇಳಿಕೊಟ್ಟರು. ಹಾಸನದ ಕಡೆಯವನಾದ ನಾನು ಹಿಂದಿನ ಬೆಂಚಿನಿಂದಲೇ, ನಗುನಗುತ್ತಾ, "ಸರಿಯಾದ ಕನ್ನಡದಲ್ಲಿ 'ಏನು ಮಾಡ್ತಾ ಇದ್ದೀರಿ' ಅನ್ನಬೇಕು ಮಕ್ಕಳೇ" ಅಂದೆ. ಮಕ್ಕಳೂ ನಕ್ಕವು. ಒಬ್ಬಳು ಹುಡುಗಿ ಮಾತ್ರ ಕೇಳಿದಳು: "ಹಾಗಾದ್ರೆ ನಮ್ಮ ಹುಬ್ಬಳ್ಳಿ ಅಜ್ಜಿ ಮಾತಾಡೋದು ತಪ್ಪಾ ಅಂಕಲ್?"

ಆ ಮಹಿಳೆ ಏನೂ ಹೇಳಲಿಲ್ಲ. ಪಾಠ ಮುಗಿಸಿ, ಬೋರ್ಡು ಒರೆಸಿ ಹೋದರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಯುಗಾದಿಯ ಹೊತ್ತಿಗೆ ಒಂಬತ್ತು ಮಕ್ಕಳು ಉಳಿದವು. ಅಷ್ಟು ದಿನ ಮಕ್ಕಳು ಬರುತ್ತಿದ್ದದ್ದು ನನ್ನ ವ್ಯಾಕರಣಕ್ಕಲ್ಲ ಎಂದು ಆಗ ತಿಳಿಯಿತು.

ಆಫೀಸಿನಲ್ಲಿ ನಾನು ಹೀಗೆ ಮಾಡುವವನೇ ಅಲ್ಲ. ನಮ್ಮಲ್ಲಿ ಕೋಡ್ ರಿವ್ಯೂ ಎಂಬುದಿದೆ. ಸಹೋದ್ಯೋಗಿ ಬರೆದದ್ದು ಗ್ರಾಹಕರಿಗೆ ಮುಟ್ಟುವ ಮೊದಲು ನಾವೇ ಓದಿ ಟಿಪ್ಪಣಿ ಹಾಕುತ್ತೇವೆ. ಟಿಪ್ಪಣಿ ಕೋಡಿನ ಮೇಲೆ, ಬರೆದವರ ಮೇಲಲ್ಲ. ಗ್ರಾಹಕರ ಎದುರಿಗೆ ಜೊತೆಗಾರನ ತಪ್ಪು ಎತ್ತಿ ಆಡಿದರೆ ಮರುದಿನದಿಂದ ನಮ್ಮೊಡನೆ ಯಾರೂ ಕೆಲಸ ಮಾಡುವುದಿಲ್ಲ. ಇದು ಇಪ್ಪತ್ತು ವರ್ಷಗಳಿಂದ ಗೊತ್ತಿದ್ದೂ ಭಾನುವಾರ ಬೆಳಿಗ್ಗೆ ಮರೆತುಹೋಗಿತ್ತು.

ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡೆ. ಆಕೆ ಅರಕಲಗೂಡು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಟೀಚರಾಗಿದ್ದವರು. "ಬಾಗಿಲಾಚೆ ಕರೆದು ಹೇಳೋಕೆ ಏನಾಗಿತ್ತೋ ನಿನಗೆ? ಅಷ್ಟಕ್ಕೂ ಆಯಮ್ಮ ಹೇಳಿದ್ದರಲ್ಲಿ ತಪ್ಪೇನಿತ್ತು?" ಅಂದರು. ಅವರದು ಎರಡು ಟೀಚರುಗಳ ಶಾಲೆ. ಒಂದು ವರ್ಷ ಜನಗಣತಿ ಡ್ಯೂಟಿಯ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು, ನಾಲ್ಕನೇ ಕ್ಲಾಸಿನ ಹುಡುಗರು ಚೀಟಿ ಹೊತ್ತು ಅಂಚೆಯವರಾಗಿದ್ದರಂತೆ. "ಆ ವರ್ಷ ಮಗ್ಗಿ ಯಾರೂ ಸರಿಯಾಗಿ ಕಲೀಲಿಲ್ಲ" ಎಂದು ಅಮ್ಮನಿಗೆ ಈಗಲೂ ಬೇಸರ.

ಶಾಲೆಯಲ್ಲಿ ಇದು ಯಾಕೆ ಇಷ್ಟು ಕಷ್ಟ? ಶಿಕಾಗೋದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಬರೆದ ಶಿಕ್ಷಕರ ಕುರಿತ ಪುಸ್ತಕದಲ್ಲಿ ಶಾಲೆಯನ್ನು ಮೊಟ್ಟೆ ಇಡುವ ಟ್ರೇಗೆ ಹೋಲಿಸಿದ್ದಾರೆ. ಒಂದೊಂದು ಗುಳಿಯಲ್ಲಿ ಒಬ್ಬೊಬ್ಬ ಮೇಷ್ಟರು. ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಇನ್ನೊಬ್ಬರು ನೋಡುವುದೇ ಇಲ್ಲ. ನೋಡಲು ಬರುವವರೆಂದರೆ ಇನ್ಸ್‌ಪೆಕ್ಟರು. ಹಾಗಾಗಿ ಗೆಳೆಯ ಬಂದು ಕೂತರೂ ತಪಾಸಣೆಗೆ ಬಂದಂತೆ ಅನ್ನಿಸುತ್ತದೆ. ಓಹಾಯೋದ ಟೊಲೀಡೋದಲ್ಲಿ 1981ರಲ್ಲೂ, ಆಮೇಲೆ ಇಲ್ಲೇ ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯಲ್ಲೂ, ಹೊಸ ಶಿಕ್ಷಕರ ತರಗತಿಗೆ ಅನುಭವಿ ಶಿಕ್ಷಕರೇ ಹೋಗಿ ಕೂತು ಕೈಹಿಡಿದು ನಡೆಸುವ ಪದ್ಧತಿ ತಂದರು.

ನಮ್ಮ ನಾಡಿನ ಉದಾಹರಣೆ ನನಗೆ ಇನ್ನೂ ಇಷ್ಟ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಬಂದರು. ವಾಪಸ್ ಬಂದು, ಯುನಿಸೆಫ್ ನೆರವಿನಿಂದ, ಒಟ್ಟಿಗೆ ಕೂತು ತಾವೇ ಕಾರ್ಡು ಬರೆದರು, ಹಾಡು ಕಟ್ಟಿದರು. ಅದೇ ನಲಿ-ಕಲಿ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುವ ಆ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಒಬ್ಬ ಮೇಷ್ಟರು ಬರೆದ ಕಾರ್ಡನ್ನು ಇನ್ನೊಬ್ಬರ ತರಗತಿಯಲ್ಲಿ ಆಡಿಸಬೇಕಾದರೆ, ಸರಿಯಿಲ್ಲದ್ದನ್ನು ಸರಿಯಿಲ್ಲ ಎಂದು ಹೇಳಲೇಬೇಕಾಗುತ್ತದೆ. ಎಲ್ಲರೂ ಸೇರಿ ಬರೆಯುತ್ತಿರುವಾಗ ಆ ಮಾತು ಅವಮಾನವಾಗುವುದಿಲ್ಲ. ನಾನೂ ಆ ಧಾರವಾಡದ ಮಹಿಳೆಯೂ ಒಂದು ದಿನವೂ ಒಟ್ಟಿಗೆ ಕೂತು ಪಾಠ ಸಿದ್ಧಮಾಡಿರಲಿಲ್ಲ. ಕೂತಿದ್ದರೆ ಎರಡು ಕನ್ನಡವೂ ಬೋರ್ಡಿನ ಮೇಲೆ ಬರುತ್ತಿತ್ತೇನೋ.

ಅವರಿಗೆ ಫೋನ್ ಮಾಡಲು ನನಗೆ ಎರಡು ತಿಂಗಳು ಹಿಡಿಯಿತು. ಕ್ಷಮೆ ಕೇಳಿದೆ. ಮರ್ಯಾದೆಯಿಂದಲೇ ಮಾತಾಡಿದರು, ಮಕ್ಕಳನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ವಿಚಾರಿಸಿದರು. ಶಾಲೆಗೆ ಮಾತ್ರ ತಿರುಗಿ ಬರಲಿಲ್ಲ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಾವು ಊರಿನ ಶಾಲೆಗಳಿಗೆ ಬೆಂಚು ಕೊಡುತ್ತೇವೆ, ಕಂಪ್ಯೂಟರ್ ಕೊಡುತ್ತೇವೆ. ಒಳ್ಳೆಯದೇ. ಬೆಂಚಿನ ಮೇಲೆ ತಂದೆತಾಯಿಯ ಹೆಸರು ಬರೆಸಬಹುದು. ಆದರೆ ಹತ್ತು ಹಳ್ಳಿಯ ಟೀಚರುಗಳು ತಿಂಗಳಿಗೊಂದು ಶನಿವಾರ ಒಂದೆಡೆ ಸೇರಿ ಪಾಠ ತಯಾರಿಸಲು ಬೇಕಾಗುವ ಬಸ್ ಚಾರ್ಜು, ಚಹಾ, ಉಪ್ಪಿಟ್ಟು, ಡ್ರಾಯಿಂಗ್ ಶೀಟಿನ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗದು. ಅದಕ್ಕೇ ಏನೋ, ಅದಕ್ಕೆಂದು ಯಾರೂ ದುಡ್ಡು ಕೊಡುವುದಿಲ್ಲ.

ನಿಮ್ಮ ಮೇಜಿನ ಮೇಲಿರುವ ಫಾರಮ್ಮಿನ ಕೊನೆಗೆ 'ಇತರೆ' ಎಂಬ ಸಾಲು ಖಾಲಿ ಇದೆ. ನನ್ನದರಲ್ಲಿ 'ಟೀಚರುಗಳ ಶನಿವಾರದ ಸಭೆಗೆ, ಉಪ್ಪಿಟ್ಟು ಸಹಿತ' ಎಂದು ಬರೆದಿದ್ದೇನೆ. ಚೆಕ್ಕಿನ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಖಜಾಂಚಿಯವರನ್ನೇ ಕೇಳಿ.